ವಿಮಾನದಲ್ಲಿ ಅಪ್ಪ-ಅಮ್ಮನ ಔಷಧ ಯಾವ ಚೀಲದಲ್ಲಿ?



ಊರಿನಿಂದ ಅಪ್ಪ-ಅಮ್ಮನನ್ನು ಮುಂಬೈಗೋ ದೆಹಲಿಗೋ ಕರೆಸಿಕೊಳ್ಳುವಾಗ ನಾವು ಈಗ ಹೆಚ್ಚಾಗಿ ವಿಮಾನದ ಟಿಕೆಟ್ ಮಾಡಿಸುತ್ತೇವೆ. ಎರಡು ಗಂಟೆಯ ಪ್ರಯಾಣ, ಮಾತ್ರೆಗಳು ದೊಡ್ಡ ಸೂಟ್‌ಕೇಸಿನಲ್ಲಿದ್ದರೂ ನಡೆಯುತ್ತದೆ ಅಂದುಕೊಳ್ಳುತ್ತೇವೆ. ಆದರೆ ಕೌಂಟರಿನಲ್ಲಿ ಕೊಟ್ಟ ಸೂಟ್‌ಕೇಸ್ ಇಳಿದ ಮೇಲೆಯೇ ಕೈಗೆ ಸಿಗುವುದು. ದೆಹಲಿಯ ಮಂಜಿಗೆ ವಿಮಾನ ನಾಲ್ಕು ಗಂಟೆ ತಡವಾದರೆ? ಸೂಟ್‌ಕೇಸ್ ಮರುದಿನ ಬಂದರೆ? ರಾತ್ರಿಯ ಇನ್ಸುಲಿನ್‌ಗೆ ಏನು ಮಾಡುವುದು?

*ಆದ್ದರಿಂದ ಔಷಧ ಯಾವಾಗಲೂ ಕೈಚೀಲದಲ್ಲೇ ಇರಲಿ.*

*1. ಎಷ್ಟು ಇಡಬೇಕು?*
ಉಳಿಯುವ ದಿನಗಳಿಗೆ ಬೇಕಾದಷ್ಟು, ಜೊತೆಗೆ ಮೂರು-ನಾಲ್ಕು ದಿನಕ್ಕೆ ಹೆಚ್ಚು. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ. ಸ್ಟ್ರಿಪ್ಪಿನಲ್ಲೇ ಇದ್ದರೆ ಹೆಸರು, ತಾರೀಖು ಕಾಣುತ್ತದೆ.

*2. ಇನ್ಸುಲಿನ್*
ವಿಮಾನದ ಕೆಳಭಾಗದಲ್ಲಿ ಸಾಮಾನು ಇಡುವ ಜಾಗ ಬಹಳ ತಣ್ಣಗಾಗಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಿದ್ದರೂ ಬಳಸಬಾರದು. ಈಗ ಬಳಸುತ್ತಿರುವ ಪೆನ್ನು 30 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಸರಿಯಾದ ಅವಧಿಯನ್ನು ಅದರ ಪೆಟ್ಟಿಗೆಯ ಮೇಲೆ ನೋಡಿಕೊಳ್ಳಿ. ಐಸ್ ಪ್ಯಾಕ್ ಇಟ್ಟರೆ ಇನ್ಸುಲಿನ್‌ಗೆ ತಾಗದಂತೆ ಬಟ್ಟೆ ಸುತ್ತಿ.

*3. ಚಿಕ್ಕ ಪೌಚ್*
ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಹಾರುವ ಎಟಿಆರ್ ವಿಮಾನಗಳಲ್ಲಿ ತಲೆಯ ಮೇಲಿನ ಜಾಗ ಚಿಕ್ಕದು. ಕೈಚೀಲವನ್ನೂ ಬಾಗಿಲ ಬಳಿಯೇ ತೆಗೆದುಕೊಂಡು ಕೆಳಗೆ ಹಾಕಬಹುದು. ಔಷಧವೆಲ್ಲ ಒಂದು ಪೌಚಿನಲ್ಲಿದ್ದರೆ ಅದನ್ನಷ್ಟೇ ಹೊರತೆಗೆದು ಜೊತೆಗಿಟ್ಟುಕೊಳ್ಳಬಹುದು. ಇನ್‌ಹೇಲರ್, ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ಮಾತ್ರ ಜೇಬಿನಲ್ಲಿ ಅಥವಾ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿರಲಿ.

*4. ಡಾಕ್ಟರ ಚೀಟಿ*
ಸೂಜಿ, ಇನ್ಸುಲಿನ್ ಪೆನ್ನು, ಸಿರಪ್ ಕಂಡಾಗ ತಪಾಸಣೆಯಲ್ಲಿ ಕೇಳುತ್ತಾರೆ. ಚೀಟಿಯ ಪ್ರತಿಯೊಂದು ಪೌಚಿನಲ್ಲಿ, ಫೋಟೊ ಮೊಬೈಲಿನಲ್ಲಿ ಇರಲಿ.

*5. ಸಿಹಿ*
ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಶುಗರ್ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೊಡಿ. 15 ನಿಮಿಷ ಬಿಟ್ಟು ಪರೀಕ್ಷಿಸಿ. 70ಕ್ಕಿಂತ ಕಡಿಮೆಯೇ ಇದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಕೂಡಲೇ ಸಿಬ್ಬಂದಿಯನ್ನು ಕರೆಯಿರಿ.

*6. ಅದಲು ಬದಲಾಗದಿರಲಿ*
ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ಅಮ್ಮ ಮಗಳಿಗೆಂದು ಮಾಡಿದ ಉಪ್ಪಿನಕಾಯಿ, ತುಪ್ಪ ಚೆನ್ನಾಗಿ ಪ್ಯಾಕ್ ಆಗಿ ಸೂಟ್‌ಕೇಸಿಗೆ ಹೋಗಲಿ. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಪವರ್ ಬ್ಯಾಂಕ್ ಮಾತ್ರ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ, ಅದು ಕೈಚೀಲದಲ್ಲೇ ಬರಬೇಕು.

ಹೊರಡುವ ಹಿಂದಿನ ರಾತ್ರಿ ಊರಿಗೆ ಒಂದು ಫೋನ್ ಮಾಡಿ. "ಎಲ್ಲಾ ಪ್ಯಾಕ್ ಆಯ್ತಾ" ಎಂದರೆ "ಹೂಂ, ಆಯ್ತು" ಅಂದುಬಿಡುತ್ತಾರೆ. "ಅಮ್ಮಾ, ಮಾತ್ರೆ ಯಾವ ಚೀಲದಲ್ಲಿ ಇಟ್ಟಿದ್ದೀರಿ?" ಎಂದೇ ಕೇಳಿ.

ಊರಿಂದ ಹಿರಿಯರನ್ನು ಕರೆಸಿಕೊಳ್ಳುತ್ತಿರುವ ನಿಮ್ಮವರಿಗೂ ಇದನ್ನು ಕಳುಹಿಸಿ.