ಹಾವು ಕಚ್ಚಿದಾಗ ದಾದಿಯ ವಿವೇಕ



ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮುಂಗಾರು ಬಿದ್ದಂದಿನಿಂದ ರಾಗಿ ಮೆದೆ ಒಟ್ಟುವವರೆಗೆ ನಮ್ಮ ನಲ್ಲೂರಿನವರ ಕೈಕಾಲುಗಳು ಬದು, ಹುಲ್ಲು, ದ್ರಾಕ್ಷಿ ಚಪ್ಪರದ ಬುಡಗಳಲ್ಲಿಯೇ ಇರುತ್ತವೆ. 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಹೆಸರಾದ ನಮ್ಮ ಹುಣಸೆ ತೋಪಿನಲ್ಲಿಯೂ ಹಳೆಯ ಮರಗಳ ಪೊಟರೆಗಳು ಬೇಕಾದಷ್ಟಿವೆ. ಆದುದರಿಂದ ಹಾವು ಕಚ್ಚಿದವರ ಆರೈಕೆಯನ್ನು ಈ ಸಲದ ಪಾಠವಾಗಿ ಆರಿಸಿಕೊಂಡಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಸಾಲಿಗೆ ಸೇರಿಸಿತು. ಎಂದರೆ ಖಾಸಗಿ ಆಸ್ಪತ್ರೆಯಾದರೂ ಪ್ರತಿಯೊಂದು ಕಡಿತವನ್ನೂ ವರದಿ ಮಾಡತಕ್ಕದ್ದು.

ಆಸ್ಪತ್ರೆಯ ಬಾಗಿಲಲ್ಲಿ ರೋಗಿಯನ್ನು ಮೊದಲು ನೋಡುವವರು ಅನೇಕ ವೇಳೆ ದಾದಿ. ಅವರು ಯಾವುದನ್ನು ಮೊದಲು ನೋಡುತ್ತಾರೆ, ಯಾವುದಕ್ಕೆ ಕೈ ಹಾಕುವುದಿಲ್ಲ, ಏಕೆ—ಇಷ್ಟನ್ನು ತಿಳಿದುಕೊಂಡರೆ ಮನೆಯಲ್ಲಿಯೂ ದಾರಿಯಲ್ಲಿಯೂ ನಿಮ್ಮ ತೀರ್ಮಾನ ತಪ್ಪುವುದಿಲ್ಲ.

ಮೊದಲು ಉಸಿರು, ಆಮೇಲೆ ಹಾವು

ನಾವೆಲ್ಲರೂ ಕೇಳುವ ಮೊದಲ ಪ್ರಶ್ನೆ, “ಯಾವ ಹಾವು?” ದಾದಿ ನೋಡುವುದು ಉಸಿರಾಟವನ್ನು. ಮಾತು ತೊದಲುತ್ತಿದೆಯೇ, ರೆಪ್ಪೆ ಜೋಲುತ್ತಿದೆಯೇ, ಎಂಜಲು ನುಂಗಲು ಆಗುತ್ತಿದೆಯೇ, ವಸಡಿನಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡಿತೇ ಎಂದು ವಿಚಾರಿಸುತ್ತಾರೆ. ಬೇಗ ಜೀವ ತೆಗೆಯುವುದನ್ನು ಮೊದಲು ನೋಡು ಎಂಬುದೇ ಅವರ ಕ್ರಮ.

ಹಾವನ್ನು ಹೊಡೆದು ತರುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ಬಳಸುವ ವಿಷನಿರೋಧಕ ಔಷಧಿಯು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ. ಹಾವನ್ನು ಹುಡುಕುತ್ತಾ ಹೋದರೆ ಹೊತ್ತು ಕಳೆಯುತ್ತದೆ, ಮತ್ತೊಬ್ಬರಿಗೆ ಕಚ್ಚಲೂಬಹುದು.

ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ನೋವು, ಊತ, ಗಾಯದ ಗುರುತು ಯಾವುದೂ ಕಾಣದೆ ಇರಬಹುದು. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋಲತೊಡಗಿದರೆ, ಅಜೀರ್ಣವೆಂದು ಕಷಾಯ ಕುಡಿಸುತ್ತಾ ಕೂಡಬೇಡಿರಿ. ಒಡನೆಯೇ ಆಸ್ಪತ್ರೆಗೆ ಹೊರಡಿರಿ. ಈ ವಿಷದಿಂದ ಮೈ ಪೂರಾ ಸೋತವನು ಕಣ್ಣು ತೆರೆಯಲಾರನು. ಆದರೆ ಅವನಿಗೆ ನಿಮ್ಮ ಮಾತು ಕೇಳಿಸುತ್ತಿರಬಹುದು. ಯಂತ್ರದಿಂದ ಉಸಿರು ಕೊಟ್ಟು ಅಂಥವರನ್ನೂ ಉಳಿಸಬಹುದು. ಮುಗಿಯಿತೆಂದು ಕೈಬಿಡಕೂಡದು.

ಮಾಡಕೂಡದ್ದು

1. ಗಾಯವನ್ನು ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ. ವಿಷ ಹೊರಬರುವುದಿಲ್ಲ, ರಕ್ತ ನಿಲ್ಲದೆ ಹರಿಯುತ್ತದೆ.

2. ಹಗ್ಗ, ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿರಿ. ರಕ್ತ ಓಡದೆ ಕಾಲೇ ಕೆಟ್ಟುಹೋದೀತು. ಯಾರಾದರೂ ಆಗಲೇ ಬಿಗಿದು ಕಟ್ಟಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಲೂ ಬೇಡಿರಿ. ತಡೆದ ವಿಷವೆಲ್ಲ ಒಮ್ಮೆಗೇ ಮೈಗೆ ಏರಬಹುದು. ಅದನ್ನು ಆಸ್ಪತ್ರೆಯಲ್ಲಿ ವೈದ್ಯರೇ ಬಿಚ್ಚಿಸಲಿ.

3. ಮಂತ್ರಕ್ಕಾಗಲಿ ನಾಟಿ ಮದ್ದಿಗಾಗಲಿ ಕಾಯಬೇಡಿರಿ. ವಿಷವಿಲ್ಲದ ಹಾವುಗಳೇ ಹೆಚ್ಚು. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಬದುಕಿದ್ದನ್ನು ಮದ್ದಿನ ಗುಣವೆಂದು ತಿಳಿಯುವುದು ತಪ್ಪು.

ಮಾಡಬೇಕಾದ್ದು ಸ್ವಲ್ಪವೇ. ಧೈರ್ಯ ಹೇಳಿರಿ. ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ ತೆಗೆಯಿರಿ. ಊದಿಕೊಂಡ ಮೇಲೆ ಅವು ಬರುವುದಿಲ್ಲ. ಕಚ್ಚಿದ ಕೈಕಾಲಿಗೆ ದಬ್ಬೆ ಆನಿಸಿ ಅಲುಗಾಡದಂತೆ ಸಡಿಲವಾಗಿ ಕಟ್ಟಿರಿ. ನಡೆಸಬೇಡಿರಿ. ವಾಂತಿಯಾದರೆ ಎಡಮಗ್ಗುಲಿಗೆ ಮಲಗಿಸಿರಿ. 108ಕ್ಕೆ ಕರೆ ಮಾಡಿರಿ.

ಇಪ್ಪತ್ತು ನಿಮಿಷದ ಪರೀಕ್ಷೆ

ಮಂಡಲದ ವಿಷವು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅದನ್ನು ತಿಳಿಯಲು ಸುಮಾರು 2 ಮಿಲಿಲೀಟರ್ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ಕೊಳವೆಯಲ್ಲಿ ತೆಗೆದಿಟ್ಟು, 20 ನಿಮಿಷ ಅಲುಗಿಸದೆ ಬಿಡುತ್ತಾರೆ. ಆಮೇಲೆ ಒಂದೇ ಸಲ ಬಾಗಿಸಿ ನೋಡುತ್ತಾರೆ. ರಕ್ತ ನೀರಾಗಿಯೇ ಹರಿದರೆ ವಿಷ ಏರಿದೆ ಎಂದು ಅರ್ಥ. ಹೆಪ್ಪು ಹಾಕಿದ ಹಾಲನ್ನು ಮೇಲಿಂದ ಮೇಲೆ ಅಲುಗಿಸಿದರೆ ಮೊಸರು ಸರಿಯಾಗಿ ಕೂಡುವುದಿಲ್ಲವಷ್ಟೆ? ಇಲ್ಲಿಯೂ ಹಾಗೆಯೇ. ಪ್ಲಾಸ್ಟಿಕ್ ಕೊಳವೆಯಾದರೂ ಸೋಪಿನಿಂದ ತೊಳೆದ ಕೊಳವೆಯಾದರೂ ಪರೀಕ್ಷೆ ಸುಳ್ಳಾಗಬಹುದು. ದಾದಿ ಗಡಿಯಾರ ನೋಡುತ್ತಾ ನಿಂತಿದ್ದರೆ, “ಸುಮ್ಮನೆ ನಿಂತಿದ್ದಾರೆ” ಎಂದು ಗದ್ದಲ ಮಾಡಬೇಡಿರಿ.

ಔಷಧಿ ಯಾರಿಗೆ, ಎಷ್ಟು?

ಕಚ್ಚಿಸಿಕೊಂಡವರೆಲ್ಲರಿಗೂ ವಿಷನಿರೋಧಕ ಕೊಡುವುದಿಲ್ಲ. ವಿಷದ ಲಕ್ಷಣ ಕಂಡರೆ ವೈದ್ಯರು ಬರೆಯುತ್ತಾರೆ. ಈ ಔಷಧಿ ಕುದುರೆಯ ರಕ್ತದಿಂದ ತಯಾರಾಗುವುದು. ಕೆಲವರ ಮೈಗೆ ಒಗ್ಗದು. ತುರಿಕೆ, ದದ್ದು, ನಡುಕ, ಉಸಿರು ಕಟ್ಟುವುದು ತೋರಬಹುದು. ಅದಕ್ಕಾಗಿ ಅಡ್ರಿನಲಿನ್ ಚುಚ್ಚುಮದ್ದನ್ನು ಪಕ್ಕದಲ್ಲಿ ಸಿದ್ಧವಿಟ್ಟುಕೊಂಡೇ ಆರಂಭಿಸುತ್ತಾರೆ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ. ಏಕೆಂದರೆ ಮಗುವೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲ.

ಲಕ್ಷಣವಿಲ್ಲದವರನ್ನೂ 24 ಗಂಟೆ ಇರಿಸಿಕೊಂಡು ಉಸಿರು, ನಾಡಿ, ರೆಪ್ಪೆ, ಊತ, ಮೂತ್ರ ನೋಡಿ ಬರೆಯುತ್ತಿರುತ್ತಾರೆ. ಒಮ್ಮೆ ನೋಡಿದ್ದು ಸಾಲದು. ಹೋದ ಗಂಟೆಗೂ ಈ ಗಂಟೆಗೂ ಇರುವ ವ್ಯತ್ಯಾಸವೇ ಮುಂದಿನ ತೀರ್ಮಾನಕ್ಕೆ ಆಧಾರ. “ಚೆನ್ನಾಗಿಯೇ ಇದ್ದಾನೆ, ದನ ಕಟ್ಟುವವರಿಲ್ಲ” ಎಂದು ನಡುವೆಯೇ ಎಬ್ಬಿಸಿಕೊಂಡು ಬರಬೇಡಿರಿ.

ನಿಮ್ಮ ಚೀಟಿ

ಜೊತೆಗೆ ಹೋಗುವವರು ಒಂದು ಚೀಟಿ ಬರೆದುಕೊಳ್ಳಿರಿ: ಕಚ್ಚಿದ ಹೊತ್ತು, ಕಚ್ಚಿದ ಜಾಗ, ಕಟ್ಟು ಅಥವಾ ಮದ್ದು ಹಾಕಿದ್ದರೆ ಅದು, ಯಾವ ಲಕ್ಷಣ ಎಷ್ಟು ಹೊತ್ತಿಗೆ ಕಂಡಿತು. ಮದ್ದು ಹಾಕಿಸಿದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿರಿ. ದೇವನಹಳ್ಳಿಯ ಸರ್ಕಾರಿ ಆಸ್ಪತ್ರೆಯಿಂದ ಬೆಂಗಳೂರಿಗೆ ಕಳುಹಿಸಿದರೂ ಆ ಚೀಟಿ ಜೊತೆಯಲ್ಲಿಯೇ ಹೋಗಲಿ.

ಕಡಿತವನ್ನು ತಪ್ಪಿಸುವುದು ನಮ್ಮ ಕೈಯಲ್ಲಿಯೇ ಇದೆ. ರಾತ್ರಿ ನೀರು ಹಾಯಿಸಲು ಹೋಗುವಾಗ ಬೂಟು, ಬ್ಯಾಟರಿ ಇರಲಿ. ಮೆದೆಗೂ ಸೌದೆಗೂ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿರಿ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿರಿ.

ಸಂಘದ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಹಾವನ್ನು ಹಿಡಿದು ತರುವುದು ಏಕೆ ಬೇಡ?
2. ಆಗಲೇ ಬಿಗಿದ ಕಟ್ಟನ್ನು ದಾರಿಯಲ್ಲಿ ಏಕೆ ಬಿಚ್ಚಬಾರದು?
3. ಲಕ್ಷಣವಿಲ್ಲದವರನ್ನೂ 24 ಗಂಟೆ ಇರಿಸಿಕೊಳ್ಳುವುದೇಕೆ?
4. ನಿಮ್ಮ ಬೀದಿಯಲ್ಲಿ ರಾತ್ರಿ ವಾಹನ ಹೊರಡಿಸಬಲ್ಲವರು ಯಾರು? ಅವರ ದೂರವಾಣಿ ಸಂಖ್ಯೆಯನ್ನು ಈಗಲೇ ಗೋಡೆಯ ಮೇಲೆ ಬರೆದಿಡಿರಿ.