ವೀಡಿಯೊ ಆಟಗಳ ದಫ್ತರು

‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ವೀಡಿಯೊ ಆಟವು ಜಪಾನಿನ ನಿಂಟೆಂಡೊ ಸಂಸ್ಥೆಯಿಂದ ೧೯೮೫ನೆಯ ಇಸವಿ ಸೆಪ್ಟೆಂಬರ್ ೧೩ರಂದು ಆ ದೇಶದಲ್ಲಿ ಹೊರಬಂದಿತು. ಅದರ ನಾಲ್ಕು ಕೋಟಿಗೂ ಮಿಕ್ಕಿದ ಪ್ರತಿಗಳು ಲೋಕದಲ್ಲೆಲ್ಲ ಮಾರಾಟವಾಗಿವೆ. ಆದರೆ ಅದೇ ಆಟವು ಅಮೆರಿಕದ ಅಂಗಡಿಗಳಿಗೆ ಬಂದುದು ಯಾವ ದಿನ? ‘ಅಕ್ಟೋಬರ್ ೧೮’ ಎಂದು ಬಹಳ ಕಡೆ ಅಚ್ಚಾಗಿರುವುದುಂಟು. ೨೦೧೨ರಲ್ಲಿ ಫ್ರಾಂಕ್ ಸಿಫಾಲ್ಡಿ ಎಂಬ ಸಂಶೋಧಕರು ಈ ದಿನಾಂಕದ ಮೂಲವನ್ನು ಅರಸಿ ಹೊರಟರು. ದೊರೆತ ಆಧಾರಗಳು ಒಂದನ್ನೊಂದು ಒಪ್ಪುವುದಿಲ್ಲವೆಂದೂ, ದಿನಾಂಕವನ್ನು ಸಾಕ್ಷ್ಯಪೂರ್ವಕವಾಗಿ ಸ್ಥಾಪಿಸಲಾಗದೆಂದೂ ಅವರು ನಿರ್ಣಯಿಸಿದರು. ಸಾವಿರ ವರ್ಷಗಳ ಹಿಂದಿನ ದಾನಶಾಸನವೊಂದರ ಶಕವರ್ಷ, ಮಾಸ, ತಿಥಿ, ವಾರಗಳನ್ನು ಕಲ್ಲಿನಿಂದಲೇ ಓದಿ ಹೇಳಬಲ್ಲ ನಮಗೆ, ನಮ್ಮ ತಂದೆತಾಯಿಗಳ ಕಾಲದ ವಸ್ತುವೊಂದರ ಜನ್ಮದಿನ ದೊರೆಯದಿರುವುದು ಸೋಜಿಗವೇ ಸರಿ.

ವೀಡಿಯೊ ಆಟಗಳ ಚರಿತ್ರೆಯಲ್ಲಿ ಇಂತಹ ನಷ್ಟವು ಮೊದಲಿನಿಂದಲೂ ಇದೆ. ೧೯೫೮ರಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಬರುವ ಸಂದರ್ಶಕರ ವಿನೋದಕ್ಕಾಗಿ ಆಸಿಲೋಸ್ಕೋಪಿನ ತೆರೆಯ ಮೇಲೆ ಟೆನಿಸ್ ಆಟವೊಂದನ್ನು ರಚಿಸಿದನು. ಮರುವರ್ಷ ಅದನ್ನು ಇನ್ನೊಮ್ಮೆ ಪ್ರದರ್ಶಿಸಿ, ಬಳಿಕ ಬಿಚ್ಚಿ, ಭಾಗಗಳನ್ನು ಬೇರೆ ಕೆಲಸಗಳಿಗೆ ಬಳಸಿಕೊಂಡರು. ಈಗಿನ ಸ್ಥಿತಿಯೂ ಬಹಳ ಸುಧಾರಿಸಿಲ್ಲ. ೨೦೧೦ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ವ್ಯಾಪಾರದಲ್ಲಿ ದೊರೆಯುತ್ತಿಲ್ಲವೆಂದು ‘ವೀಡಿಯೊ ಗೇಮ್ ಹಿಸ್ಟರಿ ಫೌಂಡೇಷನ್’ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬರುತ್ತದೆ. ಹೀಗಿರುವಲ್ಲಿ, ಯಾವ ಆಟ ಇದ್ದಿತು, ಯಾರು ಮಾಡಿದರು, ಅದರ ಶುದ್ಧಪಾಠ ಯಾವುದು ಎಂಬುದನ್ನು ಬರೆದಿಡುವ ಕಾರ್ಯವನ್ನು ಹೆಚ್ಚಾಗಿ ಆಟಗಾರರೇ, ಸಂಬಳವಿಲ್ಲದೆ, ಕೈಗೆತ್ತಿಕೊಂಡರು. ೧೯೯೯ರ ಮಾರ್ಚ್ ೧ರಂದು ಜಿಮ್ ಲಿಯೊನಾರ್ಡ್ ಮತ್ತು ಬ್ರಯನ್ ಹರ್ಟ್ ಎಂಬ ಇಬ್ಬರು ಗೆಳೆಯರು ಆರಂಭಿಸಿದ ‘ಮೋಬಿಗೇಮ್ಸ್’ ಅಂತಹ ಸಾಮೂಹಿಕ ದತ್ತಸಂಚಯಗಳಲ್ಲಿ (ಡೇಟಾಬೇಸ್ ಎಂದು ರೂಢಿಯಲ್ಲಿ ಕರೆಯುವುದು ಇದನ್ನೇ) ಪ್ರಸಿದ್ಧವಾದುದು. ಅಲ್ಲಿ ಯಾರು ಬೇಕಾದರೂ ಮಾಹಿತಿಯನ್ನು ಸಲ್ಲಿಸಬಹುದು. ಆದರೆ ಪರಿಶೀಲಕರು ನೋಡಿ ಒಪ್ಪಿದ ಹೊರತು ಅದು ದಫ್ತರಿಗೆ ಸೇರುವುದಿಲ್ಲ. ಆ ದತ್ತಸಂಚಯವು ೨೦೧೦, ೨೦೧೩ ಮತ್ತು ೨೦೨೨ರಲ್ಲಿ ಒಡೆತನ ಬದಲಾಯಿಸಿ ಈಗ ಅಟಾರಿ ಸಂಸ್ಥೆಯ ವಶದಲ್ಲಿದೆ. ಸ್ವಯಂಸೇವಕರು ಕಟ್ಟಿದ ದಫ್ತರು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ತಮ್ಮಲ್ಲೇ ಚರ್ಚಿಸಬಹುದು. ನಮ್ಮ ಪ್ರಸ್ತುತ ವಿಷಯ ಅದರ ರಚನೆ.

ಆಟಗಳ ಪಟ್ಟಿ ಮಾಡುವುದೆಂದರೆ ಹೆಸರು, ವರ್ಷ, ತಯಾರಕ ಎಂದು ಮೂರು ಗೆರೆ ಎಳೆದು ತುಂಬುವುದಲ್ಲವೇ ಎಂದು ತೋರಬಹುದು. ಮೊದಲ ಗೆರೆಯಲ್ಲೇ ತೊಡಕು ಬರುತ್ತದೆ. ೧೯೯೧ರಲ್ಲಿ ಜಪಾನಿನಲ್ಲಿ ‘ಫೈನಲ್ ಫ್ಯಾಂಟಸಿ ೪’ ಎಂಬ ಹೆಸರಿನಿಂದ ಬಂದ ಆಟವು ಅಮೆರಿಕದಲ್ಲಿ ‘ಫೈನಲ್ ಫ್ಯಾಂಟಸಿ ೨’ ಎನಿಸಿತು. ಏಕೆಂದರೆ ನಿಜವಾದ ಎರಡನೆಯದೂ ಮೂರನೆಯದೂ ಆಗ ಅಲ್ಲಿಗೆ ಬಂದಿರಲೇ ಇಲ್ಲ. ೧೯೯೪ರ ಆರನೆಯ ಆಟವು ಅಲ್ಲಿ ಮೂರನೆಯದಾಯಿತು. ೧೯೯೭ರಲ್ಲಿ ಏಳನೆಯದು ಮಾತ್ರ ತನ್ನ ನಿಜಸಂಖ್ಯೆಯಲ್ಲೇ ಬಂದುದರಿಂದ, ಅಮೆರಿಕದ ಗ್ರಾಹಕನಿಗೆ ಮೂರರಿಂದ ಏಳಕ್ಕೆ ಹಾರಿದಂತಾಯಿತು. ‘ಸೂಪರ್ ಮಾರಿಯೊ ಬ್ರದರ್ಸ್ ೨’ರ ಕಥೆ ಇನ್ನೂ ಜಟಿಲ. ೧೯೮೬ರಲ್ಲಿ ಆ ಹೆಸರಿನಿಂದ ಜಪಾನಿನಲ್ಲಿ ಬಂದ ಆಟ ಒಂದು. ೧೯೮೮ರಲ್ಲಿ ಅದೇ ಹೆಸರಿನಿಂದ ಅಮೆರಿಕದಲ್ಲಿ ಬಂದುದು, ‘ಡೋಕಿ ಡೋಕಿ ಪ್ಯಾನಿಕ್’ ಎಂಬ ಬೇರೊಂದು ಆಟದ ಪಾತ್ರಗಳನ್ನು ಬದಲಿಸಿ ಮಾಡಿದ ಮತ್ತೊಂದು. ಈ ಎರಡನೆಯದು ೧೯೯೨ರಲ್ಲಿ ‘ಸೂಪರ್ ಮಾರಿಯೊ ಯುಎಸ್‌ಎ’ ಎಂಬ ವೇಷದಲ್ಲಿ ಜಪಾನಿಗೆ ಮರಳಿತು! ಒಂದು ಹೆಸರಿಗೆ ಎರಡು ವಸ್ತು, ಒಂದು ವಸ್ತುವಿಗೆ ಎರಡು ಹೆಸರು. ಹೆಸರಿನ ಮೇಲೆಯೇ ಪಟ್ಟಿಯನ್ನು ನಿಲ್ಲಿಸಿದರೆ ಅದು ಕುಸಿಯುವುದು ನಿಶ್ಚಯ.

ಈ ತೊಡಕಿಗೆ ಪರಿಹಾರವು ಎಡ್ಗರ್ ಕಾಡ್ ಎಂಬ ಗಣಿತಜ್ಞನು ೧೯೭೦ರಲ್ಲಿ ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ದೊರೆಯುತ್ತದೆ. ಅದರಂತೆ ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ತುರುಕದೆ, ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಕೋಷ್ಟಕವನ್ನು ಇಡಬೇಕು. ‘ಆಟ’ ಎಂಬ ಕೋಷ್ಟಕದಲ್ಲಿ ಪ್ರತಿಯೊಂದು ಆಟಕ್ಕೂ ಅರ್ಥವಿಲ್ಲದ ಒಂದು ಕ್ರಮಸಂಖ್ಯೆಯನ್ನು ಕೊಡುತ್ತೇವೆ. ನಿಮ್ಮ ಪರೀಕ್ಷೆಯ ನೋಂದಣಿ ಸಂಖ್ಯೆಯಂತೆ. ಅಮೆರಿಕದ ಮಾರಿಯೊ ಎರಡಕ್ಕೆ ೫೨ ಎಂಬ ಸಂಖ್ಯೆ ಸಂದಿತೆನ್ನೋಣ. ‘ಬಿಡುಗಡೆ’ ಎಂಬ ಎರಡನೆಯ ಕೋಷ್ಟಕದಲ್ಲಿ “೫೨, ಅಮೆರಿಕ, ೧೯೮೮, ಇಂತಹ ಹೆಸರು” ಎಂದು ಒಂದು ಸಾಲು, “೫೨, ಜಪಾನ್, ೧೯೯೨, ಇಂತಹ ಹೆಸರು” ಎಂದು ಇನ್ನೊಂದು ಸಾಲು. ಸಂಖ್ಯೆಗೆ ಅರ್ಥವಿಲ್ಲದಿರುವುದೇ ಅದರ ಗುಣ: ನಾಳೆ ಹೆಸರಿನಲ್ಲಿ ತಪ್ಪು ಕಂಡುಬಂದರೆ ಹೆಸರನ್ನು ತಿದ್ದಿದರೆ ಸಾಕು, ೫೨ ಹಾಗೆಯೇ ಉಳಿಯುತ್ತದೆ. ವ್ಯಕ್ತಿಗಳಿಗೂ ಹೀಗೆಯೇ ಬೇರೆ ಕೋಷ್ಟಕ. ಯಾವ ವ್ಯಕ್ತಿ ಯಾವ ಆಟದಲ್ಲಿ ಯಾವ ಕೆಲಸ ಮಾಡಿದನೆಂಬುದಕ್ಕೆ, ಎರಡನ್ನೂ ಹೆಣೆಯುವ ಮತ್ತೊಂದು. ಆಗ ಕೊಜಿ ಕೊಂಡೊ ಎಂಬ ಹೆಸರನ್ನು ಕೊಟ್ಟು, ೧೯೮೫ರ ಮಾರಿಯೊ ಆಟಕ್ಕೂ ೧೯೮೬ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ಕ್ಕೂ ಸಂಗೀತ ಒದಗಿಸಿದಾತ ಒಬ್ಬನೇ ಎಂಬುದನ್ನು ಕ್ಷಣಮಾತ್ರದಲ್ಲಿ ಪಡೆಯಬಹುದು.

ವ್ಯಕ್ತಿಗಳ ಕೋಷ್ಟಕವನ್ನು ತುಂಬುವುದು ಸುಲಭವೆಂದು ಭಾವಿಸಬೇಡಿ. ೧೯೭೦ರ ದಶಕದಲ್ಲಿ ಅಟಾರಿ ಸಂಸ್ಥೆಯು ಆಟ ಬರೆದವರ ಹೆಸರನ್ನು ಪೆಟ್ಟಿಗೆಯ ಮೇಲೆ ಹಾಕುತ್ತಿರಲಿಲ್ಲ. ಇದರಿಂದ ಬೇಸತ್ತ ಕೆಲವರು ಹೊರಬಂದು ೧೯೭೯ರಲ್ಲಿ ‘ಆಕ್ಟಿವಿಷನ್’ ಸ್ಥಾಪಿಸಿ, ಕರ್ತೃವಿನ ಹೆಸರನ್ನು ಬಹಿರಂಗವಾಗಿ ಮುದ್ರಿಸಿದರು. ವಾರನ್ ರಾಬಿನೆಟ್ ಎಂಬಾತನು ಇನ್ನೊಂದು ಉಪಾಯ ಹೂಡಿದನು. ೧೯೮೦ರ ‘ಅಡ್ವೆಂಚರ್’ ಎಂಬ ತನ್ನ ಆಟದಲ್ಲಿ, ಒಂದೇ ಒಂದು ಚುಕ್ಕೆಯನ್ನು ಹುಡುಕಿ ಒಯ್ದವನಿಗೆ ಮಾತ್ರ ತೆರೆಯುವ ಗುಪ್ತಕೋಣೆಯೊಂದನ್ನು ಕಟ್ಟಿ, ಅದರೊಳಗೆ ತನ್ನ ಹೆಸರನ್ನು ಬರೆದಿಟ್ಟನು. ಹಳೆಯ ಗುಡಿಯ ಪೀಠದ ಕೆಳಗೆ ಶಿಲ್ಪಿ ಹೆಸರು ಕೆತ್ತಿದಂತೆ! ದಫ್ತರು ಬರೆಯುವವನಿಗೆ ಈ ಕೋಣೆಯೂ ಒಂದು ಆಧಾರಗ್ರಂಥ.

ಆಟಗಳ ಬಗೆಯನ್ನು ಗುರುತಿಸುವ ವಿಚಾರದಲ್ಲಿ ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರನ್ನು ನೆನೆಯದಿರಲಾಗದು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲರಾದ ಅವರು ೧೯೩೩ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಪುಸ್ತಕವನ್ನು ಒಂದೇ ಖಾನೆಗೆ ಹಾಕದೆ, ಅದರ ಹಲವು ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಜೋಡಿಸಬೇಕೆಂಬುದು ಅವರ ತತ್ತ್ವ. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕಾನೊ ಎಂಬ ಜೋಡಣೆಯ ಆಟಿಕೆಯನ್ನು ಕಂಡಾಗ ಈ ವಿಚಾರ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಆಟಿಕೆಯಿಂದ ಹುಟ್ಟಿದ ತತ್ತ್ವವು ಆಟಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕ್ರಿಕೆಟ್ ಆಟವೊಂದನ್ನು ‘ಕ್ರೀಡೆ’ ಎಂದಷ್ಟೇ ಬರೆದು ಮುಗಿಸದೆ, ವಸ್ತು ಕ್ರೀಡೆ, ನೋಟ ಮೇಲಿನಿಂದ, ಗತಿ ಸರದಿಯಂತೆ, ಆಟಗಾರರು ಇಬ್ಬರು ಎಂದು ಒಂದೊಂದು ಮುಖಕ್ಕೂ ಒಂದೊಂದು ಅಂಕಣ ಇಡುವುದು ಮೇಲು.

ಇಷ್ಟೆಲ್ಲ ಆಟದ ಸುತ್ತಣ ಮಾಹಿತಿಯಾಯಿತು. ಆಟವೇ ಸರಿಯಾಗಿ ಉಳಿದಿದೆಯೇ ಎಂದು ತಿಳಿಯುವ ಬಗೆ ಹೇಗೆ? ಭೌತವಿಜ್ಞಾನದ ವಿದ್ಯಾರ್ಥಿಗೆ ಹೆಚ್ಚು ಸ್ವಾರಸ್ಯವಾದ ಭಾಗ ಇದು.

ಮೊದಲ ಮಾರಿಯೊ ಆಟವು ಪ್ಲಾಸ್ಟಿಕ್ಕಿನ ಕ್ಯಾಟ್ರಿಜ್ ಒಳಗಿನ ಎರಡು ಚಿಪ್ಪುಗಳಲ್ಲಿದೆ. ಒಂದರಲ್ಲಿ ಕಾರ್ಯಕ್ರಮದ ೩೨,೭೬೮ ಬೈಟುಗಳು, ಇನ್ನೊಂದರಲ್ಲಿ ಚಿತ್ರಗಳ ೮,೧೯೨ ಬೈಟುಗಳು, ಒಟ್ಟು ೪೦,೯೬೦. ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವು ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಕಾರ್ಯಕ್ರಮದ ಚಿಪ್ಪಿಗೆ ಹದಿನೈದು ವಿಳಾಸದ ತಂತಿಗಳಿವೆ. ಒಂದೊಂದರಲ್ಲಿಯೂ ವಿದ್ಯುದ್ವಿಭವ ಇರಬಹುದು ಅಥವಾ ಇಲ್ಲದಿರಬಹುದು. ಆದುದರಿಂದ ೨ರ ೧೫ನೆಯ ಘಾತ, ಎಂದರೆ ೩೨,೭೬೮ ವಿಳಾಸಗಳು. ಒಂದೊಂದು ವಿಳಾಸವನ್ನು ಕೊಟ್ಟಾಗಲೂ ಎಂಟು ದತ್ತತಂತಿಗಳಲ್ಲಿ ಒಂದು ಬೈಟು ಹೊರಬರುತ್ತದೆ. ಹೀಗೆ ಆದಿಯಿಂದ ಅಂತ್ಯದವರೆಗೆ ಓದಿ ಬರೆದಿಟ್ಟುಕೊಂಡರೆ ನಕಲು ಸಿದ್ಧ. ಆದರೆ ಕ್ಯಾಟ್ರಿಜ್‌ನ ಸಂಪರ್ಕಪಟ್ಟಿಯ ಮೇಲೆ ಕೊಳೆ ಕುಳಿತಿದ್ದರೆ ಒಂದು ತಂತಿ ಸರಿಯಾಗಿ ತಗುಲದೆ ೧ ಇರಬೇಕಾದಲ್ಲಿ ೦ ಬಂದೀತು. ಮೂರು ಲಕ್ಷಕ್ಕೂ ಮಿಕ್ಕಿದ ಬಿಟ್ಟುಗಳಲ್ಲಿ ಒಂದು ತಪ್ಪಿದರೆ, ಯಾವುದೋ ಹಂತದಲ್ಲಿ ಮಾತ್ರ ಕಾಣುವ ಒಂದು ಇಟ್ಟಿಗೆಯ ಬಣ್ಣ ಬದಲಾಗಬಹುದು. ಆಡಿದವನಿಗೆ ತಿಳಿಯುವುದೂ ಇಲ್ಲ.

ಇದನ್ನು ಹಿಡಿಯಲು ‘ಶೇಷ’ದ ಉಪಾಯವಿದೆ. ೫೨೮೩೭ ಎಂಬ ಸಂಖ್ಯೆಯನ್ನು ೯೭ರಿಂದ ಭಾಗಿಸಿದರೆ ಉಳಿಯುವ ಶೇಷ ೬೯. ನಕಲು ಮಾಡುವಾಗ ಎರಡು ಅಂಕಿಗಳು ಸ್ಥಾನ ಬದಲಿಸಿ ೫೨೩೮೭ ಆಯಿತೆನ್ನಿ. ಅಂಕಿಗಳ ಮೊತ್ತ ಎರಡರಲ್ಲೂ ೨೫ ಆದುದರಿಂದ ಕೂಡಿ ನೋಡಿದವನು ಮೋಸ ಹೋಗುತ್ತಾನೆ. ಶೇಷವಾದರೋ ೬೯ರಿಂದ ೭ಕ್ಕೆ ಇಳಿದು ತಪ್ಪನ್ನು ಸಾರುತ್ತದೆ. ‘ಸಿಆರ್‌ಸಿ-೩೨’ ಎಂಬ ಪರೀಕ್ಷಾಸಂಖ್ಯೆಯು ಇದೇ ಜಾತಿಯದು. ಅಲ್ಲಿ ಇಡೀ ಆಟವನ್ನು ಸೊನ್ನೆ-ಒಂದುಗಳ ಒಂದು ದೀರ್ಘ ಬಹುಪದೋಕ್ತಿಯೆಂದು ಭಾವಿಸಿ, ಗೊತ್ತಾದ ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿ, ೩೨ ಬಿಟ್ಟುಗಳ ಶೇಷವನ್ನು ಇಟ್ಟುಕೊಳ್ಳುತ್ತಾರೆ. ಒಂದೇ ಬಿಟ್ಟು ತಪ್ಪಿದರೂ ಶೇಷ ಬದಲಾಗದೆ ಇರಲಾರದು.

ಆದರೆ ೫೨೮೩೭ಕ್ಕೆ ೯೭ನ್ನು ಕೂಡಿಸಿದ ೫೨೯೩೪ಕ್ಕೂ ಶೇಷ ೬೯ ತಾನೆ? ಹೌದು, ಎರಡು ಭಿನ್ನ ಆಟಗಳಿಗೆ ಒಂದೇ ಪರೀಕ್ಷಾಸಂಖ್ಯೆ ಬರುವುದು ಅಸಾಧ್ಯವಲ್ಲ. ೩೨ ಬಿಟ್ಟುಗಳಿಂದ ಸುಮಾರು ೪೨೯ ಕೋಟಿ ಸಂಖ್ಯೆಗಳಾಗುತ್ತವೆ. ಇಷ್ಟಿರುವಾಗ ಭಯವೇಕೆ ಎನ್ನಬಹುದು. ಇಪ್ಪತ್ತಮೂರು ಜನರಿರುವ ತರಗತಿಯಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚೆಂಬ ಪ್ರಸಿದ್ಧ ಲೆಕ್ಕವನ್ನು ಇಲ್ಲಿ ಅನ್ವಯಿಸಿ ನೋಡಿದರೆ, ಸುಮಾರು ೭೭,೦೦೦ ಕಡತಗಳು ಸೇರುವಷ್ಟರಲ್ಲಿ ಯಾವುದಾದರೊಂದು ಜೋಡಿಯ ಶೇಷ ಹೊಂದಿಕೊಳ್ಳುವ ಸಂಭವ ಅರ್ಧವನ್ನು ಮುಟ್ಟುತ್ತದೆ! ಆದುದರಿಂದ ದತ್ತಸಂಚಯಗಳಲ್ಲಿ ಕಡತದ ಗಾತ್ರವನ್ನೂ, ‘ಎಸ್‌ಎಚ್‌ಎ-೧’ ಎಂಬ ೧೬೦ ಬಿಟ್ಟುಗಳ ಇನ್ನೊಂದು ಪರೀಕ್ಷಾಸಂಖ್ಯೆಯನ್ನೂ ಜೊತೆಗೆ ಬರೆಯುತ್ತಾರೆ. ೨ರ ೧೬೦ನೆಯ ಘಾತವು ೪೯ ಅಂಕಿಗಳ ಸಂಖ್ಯೆ. ಒಂದೇ ಎಸ್‌ಎಚ್‌ಎ-೧ ಇರುವ ಎರಡು ಭಿನ್ನ ಕಡತಗಳನ್ನು ೨೦೧೭ರಲ್ಲಿ ಗೂಗಲ್ ಸಂಸ್ಥೆಯವರೂ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆಯವರೂ ಬುದ್ಧಿಪೂರ್ವಕವಾಗಿ ನಿರ್ಮಿಸಿ ತೋರಿಸಿದರು. ಕೊಳೆ ಮಾಡುವ ತಪ್ಪಿಗೆ ಅಷ್ಟು ಬುದ್ಧಿಯಿಲ್ಲ.

ಪರೀಕ್ಷಾಸಂಖ್ಯೆಯು ಎರಡು ನಕಲುಗಳು ಒಂದೇ ಎಂದು ಹೇಳಬಲ್ಲುದೇ ಹೊರತು ಅವು ಸರಿ ಎಂದು ಹೇಳಲಾರದು. ಇದಕ್ಕಾಗಿ ಡಿಸ್ಕುಗಳ ಆಟಗಳನ್ನು ದಾಖಲಿಸುವ ‘ರೀಡಂಪ್’ ಎಂಬ ಸಮೂಹದವರು, ಬೇರೆ ಬೇರೆ ಪ್ರತಿಗಳಿಂದ ತೆಗೆದ ನಕಲುಗಳು ತಾಳೆಯಾದ ಮೇಲೆಯೇ ದಾಖಲೆಯನ್ನು ‘ಪರಿಶೀಲಿತ’ವೆಂದು ಗುರುತಿಸುತ್ತಾರೆ. ನೂರಕ್ಕೊಂದು ನಕಲು ದೋಷಯುಕ್ತವೆಂದು ಊಹಿಸಿದರೆ, ಎರಡು ಸ್ವತಂತ್ರ ನಕಲುಗಳೂ ಕೆಡುವ ಸಂಭವ ಹತ್ತು ಸಾವಿರಕ್ಕೊಂದು. ಎರಡೂ ಒಂದೇ ಬಿಟ್ಟಿನಲ್ಲಿ ಕೆಡುವುದು ಅದಕ್ಕಿಂತ ಎಷ್ಟೋ ವಿರಳ. ‘ಸ್ವತಂತ್ರ’ ಎಂಬ ಪದವನ್ನು ಮಾತ್ರ ಗಮನಿಸಬೇಕು. ಪ್ರಯೋಗಶಾಲೆಯಲ್ಲಿ ಶೂನ್ಯದೋಷವಿರುವ ವರ್ನಿಯರ್‌ನಿಂದ ನೂರು ಸಲ ಅಳೆದು ಸರಾಸರಿ ತೆಗೆದರೂ ದೋಷ ಹೋಗುವುದಿಲ್ಲ; ಕೆಟ್ಟ ಓದುಯಂತ್ರವೊಂದರಿಂದ ಇಬ್ಬರು ನಕಲು ತೆಗೆದರೂ ಹಾಗೆಯೇ. ಮಾರಿಯೊ ಆಟದ ದಿನಾಂಕಕ್ಕೂ ಇದೇ ನ್ಯಾಯ ಸಲ್ಲುತ್ತದೆ. ‘ಅಕ್ಟೋಬರ್ ೧೮’ ಎಂದು ಹತ್ತು ಕಡೆ ಇದ್ದು, ಒಂಬತ್ತು ಕಡೆಯವರು ಹತ್ತನೆಯವನನ್ನು ನೋಡಿ ಬರೆದಿದ್ದರೆ, ಸಾಕ್ಷಿ ಇರುವುದು ಒಂದೇ. ಆದುದರಿಂದ ಒಳ್ಳೆಯ ದತ್ತಸಂಚಯದಲ್ಲಿ ದಿನಾಂಕದ ಪಕ್ಕದಲ್ಲಿ ಆಧಾರಕ್ಕೆ ಒಂದು ಅಂಕಣ, ನಿಖರತೆಗೆ ಇನ್ನೊಂದು ಅಂಕಣ ಇರಬೇಕು. ವರ್ಷ ಮಾತ್ರ ಗೊತ್ತಿದ್ದರೆ ವರ್ಷವನ್ನಷ್ಟೇ ಬರೆಯಬೇಕು. ತಿಂಗಳು, ದಿನಗಳ ಮನೆ ಖಾಲಿಯಿದೆಯೆಂದು ‘ಜನವರಿ ೧’ ತುಂಬಿದರೆ, ಹೊಸವರ್ಷದ ದಿನವೇ ಸಾವಿರಾರು ಆಟಗಳು ಹುಟ್ಟಿದ ವಿಚಿತ್ರ ಲೆಕ್ಕವೊಂದು ಹೊರಬೀಳುತ್ತದೆ.

ನಕಲುಗಳು ತಾಳೆಯಾಗದಿದ್ದಾಗ ಒಂದು ತಪ್ಪೇ ಆಗಿರಬೇಕೆಂದೂ ಇಲ್ಲ. ಜೆಲ್ಡಾ ಆಟದ ಅಮೆರಿಕದ ಕ್ಯಾಟ್ರಿಜ್‌ಗಳಲ್ಲಿ ತಯಾರಕರೇ ಮುಂದೆ ತಿದ್ದಿ ಹೊರತಂದ ಪಾಠವೂ ಇದೆ. ಎರಡೂ ಶುದ್ಧ, ಎರಡಕ್ಕೂ ಬೇರೆ ಸಾಲು ಬೇಕು. ಇದಲ್ಲದೆ ನಿಂಟೆಂಡೊ ಆಟಗಳ ನಕಲುಗಳಿಗೆ, ಅನುಕರಣ ತಂತ್ರಾಂಶದ ಅನುಕೂಲಕ್ಕಾಗಿ, ಹದಿನಾರು ಬೈಟುಗಳ ತಲೆಬರಹವೊಂದನ್ನು ಸೇರಿಸುವ ರೂಢಿಯಿದೆ. ಅದು ಮೂಲ ಚಿಪ್ಪಿನಲ್ಲಿಲ್ಲ. ಅದನ್ನು ಬಿಟ್ಟು ಪರೀಕ್ಷಾಸಂಖ್ಯೆ ತೆಗೆಯದಿದ್ದರೆ ಒಂದೇ ಆಟ ಎರಡಾಗಿ ತೋರುವುದು.

ನಮ್ಮ ವಿದ್ಯಾರ್ಥಿಗಳು ಕೈಹಾಕಬಹುದಾದ ಕೆಲಸವೂ ಇಲ್ಲಿ ಬೇಕಾದಷ್ಟಿದೆ. ಆಟದ ಒಳಪಾಠವನ್ನು ನಕಲು ಮಾಡಿ ಹಂಚುವುದಕ್ಕೆ ಕೃತಿಸ್ವಾಮ್ಯದ ಅಡ್ಡಿಯುಂಟು. ಹೆಸರು, ವರ್ಷ, ಪರೀಕ್ಷಾಸಂಖ್ಯೆಗಳನ್ನು ದಾಖಲಿಸುವುದು ಬೇರೆ ಮಾತು. ೧೯೯೦ರ ದಶಕದಲ್ಲಿ ನಿಂಟೆಂಡೊ ಯಂತ್ರದ ಅನುಕರಣಗಳು ನಮ್ಮ ಊರುಗಳಲ್ಲಿಯೂ ಮಾರಾಟವಾದವು. ಅವುಗಳ ಕ್ಯಾಟ್ರಿಜ್‌ಗಳ ಮೇಲೆ ‘ಒಂದರಲ್ಲಿ ೯೯೯೯ ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದುದು ಕೆಲವೇ ಆಟಗಳು, ಹೆಸರನ್ನೋ ಆರಂಭದ ಹಂತವನ್ನೋ ಬದಲಿಸಿ ಮತ್ತೆ ಮತ್ತೆ ಪಟ್ಟಿಯಾದವು. ಮನೆಯ ಅಟ್ಟದಲ್ಲಿ ಅಂತಹದೊಂದು ದೊರೆತರೆ ಮೊದಲು ಹೊರಚೀಟಿಯ ಎರಡೂ ಮಗ್ಗುಲುಗಳ ಚಿತ್ರ ತೆಗೆಯಿರಿ. ಪಟ್ಟಿಯ ಹೆಸರುಗಳನ್ನು ಕಾಗುಣಿತದ ತಪ್ಪುಗಳ ಸಹಿತ, ತಿದ್ದದೆ, ಬರೆದುಕೊಳ್ಳಿರಿ. ಒಂದೊಂದನ್ನೂ ತೆರೆದು ನಿಜವಾದ ಆಟ ಯಾವುದೆಂದು ಗುರುತಿಸಿ ಅದರ ಕ್ರಮಸಂಖ್ಯೆಗೆ ಜೋಡಿಸಿರಿ. ಆ ೯೯೯೯ನ್ನೂ ಬಿಡಬೇಡಿ. ಅದು ಹೋಗಬೇಕಾದುದು ‘ಆಟಗಳ ಸಂಖ್ಯೆ’ ಎಂಬ ಅಂಕಣಕ್ಕಲ್ಲ, ‘ಹೊರಚೀಟಿಯಲ್ಲಿ ಅಚ್ಚಾದ ಹೆಸರು’ ಎಂಬ ಅಂಕಣಕ್ಕೆ.