ಬಾಗಿಲ ಬೀಡಿಂಗ್: ಬಣ್ಣಕ್ಕಿಂತ ಮೊದಲ ಅಳತೆ

ಕಾರಿನ ಬಾಗಿಲಿಗೂ ಬಾಡಿಯ ಚೌಕಟ್ಟಿಗೂ ನಡುವೆ ಕೂರುವ ರಬ್ಬರ್ ಪಟ್ಟಿಯನ್ನು ಗ್ಯಾರೇಜುಗಳಲ್ಲಿ ಡೋರ್ ಬೀಡಿಂಗ್ ಎನ್ನುತ್ತಾರೆ. ಮಳೆನೀರು, ದೂಳು, ಹೊಗೆ ಮತ್ತು ಗಾಳಿಯ ಸದ್ದು ಒಳಗೆ ಬಾರದಂತೆ ತಡೆಯುವುದು ಇದರ ಮೊದಲ ಕೆಲಸ. ಎರಡನೆಯ ಕೆಲಸ ಅಷ್ಟು ಬೇಗ ಗಮನಕ್ಕೆ ಬರುವುದಿಲ್ಲ. ಮುಚ್ಚಿದ ಬಾಗಿಲನ್ನು ಅದು ಒಳಗಿನಿಂದ ಹೊರಕ್ಕೆ ಸದಾ ಒತ್ತಿ ಹಿಡಿದಿರುತ್ತದೆ. ಆ ಒತ್ತಡದಿಂದಲೇ ಬಾಗಿಲು ಲಾಕಿನಲ್ಲಿ ಬಿಗಿಯಾಗಿ ನಿಂತು, ಹೊಂಡಬಿದ್ದ ರಸ್ತೆಯಲ್ಲೂ ಗಡಗಡ ಎನ್ನುವುದಿಲ್ಲ. ಆದ್ದರಿಂದ ಬಾಗಿಲು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದರಲ್ಲಿ ಕೀಲು ಮತ್ತು ಲಾಕಿನಷ್ಟೇ ಪಾಲು ಈ ರಬ್ಬರಿಗೂ ಇದೆ.

ಇಲ್ಲಿನ ವಿವರಗಳಿಗೆ ಆಧಾರ, ದೊಡ್ಡಬಳ್ಳಾಪುರದ ಹೊರವಲಯದ ಒಂದು ಶೆಡ್ಡಿನಲ್ಲಿ ಈ ಲೇಖಕ ಎರಡು ಮಳೆಗಾಲ ದುಡಿದು ಸರಿಪಡಿಸಿದ 1968ರ ಫಿಯೆಟ್ 1100 ಡಿಲೈಟ್. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ ರಸ್ತೆಗೆ ಬಂದ ಕಾರು ಅದು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಈ ಮಾದರಿಯೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳನ್ನು ಕೇಂದ್ರ ಸರ್ಕಾರದ 2021ರ ನಿಯಮಗಳು ವಿಂಟೇಜ್ ಎಂದು ಗುರುತಿಸುತ್ತವೆ. ಅವು ಮೂಲ ರೂಪದಲ್ಲೇ ಇರಬೇಕೆಂದೂ ಹೇಳುತ್ತವೆ.

ಈ ಕಾರಿನಲ್ಲಿ ಬೀಡಿಂಗ್ ಕೆಲಸವನ್ನು ಎರಡು ಸಲ ಮಾಡಬೇಕಾಯಿತು. ಮೊದಲ ಸಲ ಟಿಂಕರಿಂಗ್ ಮುಗಿಸಿ, ಬಾಗಿಲುಗಳನ್ನು ರಬ್ಬರ್ ಇಲ್ಲದೆಯೇ ಹೊಂದಿಸಿ, ಬಣ್ಣ ಹೊಡೆಸಿ, ಕೊನೆಗೆ ಬೀಡಿಂಗ್ ಅಂಟಿಸಲಾಯಿತು. ರಬ್ಬರ್ ಕೂತ ಮೇಲೆ ಹಿಂದಿನ ಎಡಬಾಗಿಲು ಲಾಕಿನ ಎರಡನೆಯ ಹಲ್ಲಿಗೆ ಬೀಳಲೇ ಇಲ್ಲ. ಜೋರಾಗಿ ಬಡಿದು ಮುಚ್ಚಿದ್ದರಿಂದ ಒಂದೇ ತಿಂಗಳಲ್ಲಿ ಅಂಚಿನ ಹೊಸ ಬಣ್ಣ ಚಕ್ಕೆ ಎದ್ದಿತು. ಸೆಪ್ಟೆಂಬರ್ ಮಳೆಗೆ ಮುಂದಿನ ಬಲಬಾಗಿಲಿನ ಕೆಳಗೆ ಮ್ಯಾಟ್ ನೆನೆಯಿತು. ತಪ್ಪು ರಬ್ಬರಿನಲ್ಲಿ ಇರಲಿಲ್ಲ, ಕೆಲಸದ ಸರದಿಯಲ್ಲಿತ್ತು. ಬಣ್ಣಕ್ಕೆ ಮೊದಲೇ ಬೀಡಿಂಗ್ ಇಟ್ಟು ಬಾಗಿಲು ಹೊಂದಿಸಬೇಕು ಎಂಬುದು ಈ ಕಾರು ಕಲಿಸಿದ ಮುಖ್ಯ ಪಾಠ.

ಹಳೆಯ ರಬ್ಬರ್

ಹಳೆಯ ಬೀಡಿಂಗ್ ಎಷ್ಟೇ ಒಣಗಿ ಪುಡಿಯಾಗುತ್ತಿದ್ದರೂ ಕಿತ್ತು ಎಸೆಯಬಾರದು. ಅದು ಕೂತಿದ್ದ ಜಾಗ, ತುಟಿ ಯಾವ ಕಡೆಗೆ ತಿರುಗಿತ್ತು, ಎರಡು ತುದಿಗಳು ಎಲ್ಲಿ ಕೂಡಿದ್ದವು, ಮೂಲೆಯಲ್ಲಿ ಹೇಗೆ ಬಾಗಿತ್ತು ಎಂಬುದನ್ನು ಫೋಟೊ ತೆಗೆದು ಬರೆದಿಡಬೇಕು. ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪಟ್ಟಿ ಇರುತ್ತದೆ. ಬಾಡಿಯ ತಗಡಿನ ಅಂಚನ್ನು ಕಚ್ಚಿಕೊಂಡು ಒಳಗಿನಿಂದ ಕಾಣುವ, ಬಟ್ಟೆ ಅಥವಾ ರೆಕ್ಸಿನ್ ಹೊದಿಸಿದ ಪಟ್ಟಿ ಒಂದು; ನೀರು ತಡೆಯುವ ಮೆತ್ತನೆಯ ಸ್ಪಂಜ್ ರಬ್ಬರ್ ಇನ್ನೊಂದು. ಮೊದಲನೆಯದು ಬಹುಪಾಲು ಅಂದಕ್ಕಾಗಿ ಇರುವಂಥದ್ದು. ಅದನ್ನೇ ದಪ್ಪದ್ದು ಹಾಕಿ ಮಳೆ ತಡೆಯಲು ಹೊರಟರೆ ಬಾಗಿಲು ಮುಚ್ಚುವುದಿಲ್ಲ, ನೀರೂ ನಿಲ್ಲುವುದಿಲ್ಲ.

ಹಳೆಯ ರಬ್ಬರಿನಲ್ಲಿ ಒತ್ತಡದ ಗುರುತೂ ಉಳಿದಿರುತ್ತದೆ. ಚಪ್ಪಟೆಯಾದ ಕಡೆ ಬಾಗಿಲು ಬಿಗಿಯಾಗಿ ಒತ್ತಿತ್ತು. ಉಬ್ಬು ಹಾಗೇ ಉಳಿದು ಕೆಂಪು ಮಣ್ಣು ಕಟ್ಟಿಕೊಂಡ ಕಡೆ ಸಂದು ಬಿಟ್ಟಿತ್ತು. ಈ ಫಿಯೆಟ್ಟಿನಲ್ಲಿ ಮಣ್ಣು ಕಟ್ಟಿದ್ದು ಬಾಗಿಲಿನ ಮೇಲಿನ ಹಿಂಮೂಲೆಯಲ್ಲಿ. ಮೊದಲ ಸಲ ಆ ಗುರುತನ್ನು ಓದದೆ ಹೋದದ್ದರಿಂದ ಹೊಸ ರಬ್ಬರಿನಲ್ಲೂ ನೀರು ಅಲ್ಲಿಂದಲೇ ಇಳಿಯಿತು.

ರಬ್ಬರಿನ ಆಯ್ಕೆ

ನೈಸರ್ಗಿಕ ರಬ್ಬರ್ ಬಿಸಿಲಿಗೂ ಗಾಳಿಯಲ್ಲಿರುವ ಓಜೋನಿಗೂ ಸೀಳುಬಿಡುತ್ತದೆ. ಇಂದಿನ ಕಾರುಗಳ ಬೀಡಿಂಗ್ ಹೆಚ್ಚಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನದು. ಇದು ಬಿಸಿಲು, ಮಳೆ, ಓಜೋನ್ ಮೂರನ್ನೂ ತಾಳುತ್ತದೆ. ಆದರೆ ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ತಗುಲಿದರೆ ಊದಿಕೊಳ್ಳುತ್ತದೆ. ಮುಚ್ಚಿದ ಗುಳ್ಳೆಗಳ ಸ್ಪಂಜ್ ನೀರು ಹೀರುವುದಿಲ್ಲ. ತೆರೆದ ಗುಳ್ಳೆಗಳದು ಹಾಸಿಗೆಯ ಫೋಮಿನಂತೆ ನೀರು ಹಿಡಿದಿಟ್ಟುಕೊಂಡು ಕೆಳಗಿನ ತಗಡಿಗೆ ತುಕ್ಕು ತರುತ್ತದೆ. ಒಂದು ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ಅದುಮಿಟ್ಟು ಬೆಳಿಗ್ಗೆ ಹಿಂಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಫಿಯೆಟ್, ಪದ್ಮಿನಿ, ಅಂಬಾಸಡರ್ ಕಾರುಗಳ ಬೀಡಿಂಗನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಕೊಳ್ಳುವಾಗ ಕಾರಿನ ಹೆಸರಿಗಿಂತ ಹಳೆಯ ತುಂಡಿನ ಅಡ್ಡಕೊಯ್ತವನ್ನು ಮುಂದಿಟ್ಟು ಹೋಲಿಸುವುದು ಲೇಸು. ಉಬ್ಬಿನ ಎತ್ತರದಲ್ಲಿ 2 ಮಿಲಿಮೀಟರ್ ಹೆಚ್ಚಾದರೂ ಬಾಗಿಲು ಮುಚ್ಚುವ ಬಲ ಬದಲಾಗುತ್ತದೆ. ಗಟ್ಟಿ ರಬ್ಬರ್ ಬಾಳಿಕೆಗೆ ಒಳ್ಳೆಯದೆಂದು ತೋರಿದರೂ ಹಳೆಯ ಬಾಗಿಲುಗಳಿಗೆ ಒಗ್ಗುವುದಿಲ್ಲ. ಎಲ್ಲೂ ಹೊಂದುವ ಪಟ್ಟಿ ಸಿಗದಿದ್ದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ರಬ್ಬರ್ ಭಾಗ ತಯಾರಿಸುವ ಸಣ್ಣ ಘಟಕಗಳಿಗೆ ಮಾದರಿ ಕೊಟ್ಟು ಮಾಡಿಸುವ ದಾರಿಯಿದೆ. ಅಚ್ಚಿನ ಖರ್ಚು ಬೀಳುವುದರಿಂದ ಅದೇ ಕಾರಿರುವ ನಾಲ್ಕಾರು ಮಂದಿ ಸೇರಿ ಮಾಡಿಸಿದರೆ ಹಗುರ.

ಬಾಗಿಲಿನ ಹೊಂದಿಕೆ

ಐವತ್ತು ವರ್ಷ ಕಂಡ ಬಾಗಿಲು ಕೀಲು ಸವೆದು ಜೋತಿರುತ್ತದೆ. ತುದಿ ಹಿಡಿದು ಮೇಲಕ್ಕೆತ್ತಿದಾಗ ಕೀಲಿನಲ್ಲಿ ಅಲುಗಾಟ ಕಂಡರೆ ಮೊದಲು ಅದರ ಪಿನ್ನು ಬದಲಿಸಬೇಕು. ಕೀಲು ಸರಿಯಾಗದೆ ರಬ್ಬರಿನಿಂದ ಸಂದು ತುಂಬುವುದು ವ್ಯರ್ಥ.

ಬಾಗಿಲಿಗೂ ಚೌಕಟ್ಟಿಗೂ ನಡುವಿನ ಒಳಸಂದು ಹೊರಗಿನಿಂದ ಕಾಣುವುದಿಲ್ಲ. ಅದನ್ನು ಅಳೆಯಲು ಅಡುಗೆಮನೆಯ ಚಪಾತಿ ಹಿಟ್ಟು ಸಾಕು. ಗೋಲಿಯಷ್ಟು ಉಂಡೆಗಳನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಬ್ಬರ್ ಕೂರುವ ದಾರಿಯುದ್ದಕ್ಕೂ ಹತ್ತು ಹನ್ನೆರಡು ಕಡೆ ಅಂಟಿಸಿ, ಬಾಗಿಲನ್ನು ಒಮ್ಮೆ ಮೆಲ್ಲಗೆ ಮುಚ್ಚಿ ತೆರೆಯಬೇಕು. ಚಪ್ಪಟೆಯಾದ ಒಂದೊಂದು ಉಂಡೆಯ ದಪ್ಪವೂ ಆ ಜಾಗದ ಸಂದು. ಉಬ್ಬು ರಬ್ಬರ್ ತನ್ನ ಎತ್ತರದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅದುಮಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ; 12 ಮಿಲಿಮೀಟರ್ ರಬ್ಬರಿಗೆ 6ರಿಂದ 8 ಮಿಲಿಮೀಟರ್ ಸಂದು ಬೇಕು. ಈ ಕಾರಿನ ಹಿಂದಿನ ಎಡಬಾಗಿಲಿನಲ್ಲಿ ಕೀಲಿನ ಕಡೆ 4, ಲಾಕಿನ ಮೇಲ್ಮೂಲೆಯಲ್ಲಿ 11 ಮಿಲಿಮೀಟರ್ ಇತ್ತು. ಕೀಲಿನ ಕಡೆ ರಬ್ಬರ್ ಸಿಕ್ಕಿಕೊಂಡು ಬಾಗಿಲನ್ನು ಹಿಂದಕ್ಕೆ ಚಿಮ್ಮಿಸುತ್ತಿದ್ದರೆ, ಮೇಲ್ಮೂಲೆಯಲ್ಲಿ ರಬ್ಬರ್ ಚೌಕಟ್ಟನ್ನು ಮುಟ್ಟಿಯೂ ಮುಟ್ಟದಂತಿತ್ತು. ಒಂದೇ ಬಾಗಿಲು ಬಿಗಿಯೂ ಸಡಿಲವೂ ಆಗಿದ್ದುದರ ಗುಟ್ಟು ಹಿಟ್ಟಿನ ಉಂಡೆಗಳಿಂದ ಬಯಲಾಯಿತು.

ಸಂದು ಸರಿಪಡಿಸುವ ಸರದಿ ಹೀಗೆ: ಮೊದಲು ಕೀಲು, ಆಮೇಲೆ ಲಾಕು ಹಿಡಿಯುವ ಸ್ಟ್ರೈಕರ್, ಕೊನೆಗೆ ಮೇಲಿನ ಫ್ರೇಮಿನ ಬಾಗು. ಪ್ರತಿ ಹಂತದಲ್ಲೂ ಹೊಸ ರಬ್ಬರನ್ನು ಮಾಸ್ಕಿಂಗ್ ಟೇಪಿನಿಂದ ಹಿಡಿಸಿ ಬಾಗಿಲು ಮುಚ್ಚಿ ನೋಡಬೇಕು. ಇದೆಲ್ಲ ಬಣ್ಣಕ್ಕೆ ಮೊದಲು. ಬಣ್ಣ ಮತ್ತು ಪುಟ್ಟಿಯೂ ಒಂದಿಷ್ಟು ದಪ್ಪ ಸೇರಿಸುತ್ತವೆ. ರಬ್ಬರ್ ಕೂರುವ ಅಂಚಿಗೆ ಪುಟ್ಟಿ ಬಳಿಯದಂತೆ ಪೇಂಟರಿಗೆ ಮೊದಲೇ ಹೇಳಿಡಬೇಕು.

ಅಂಚಿನ ಸಿದ್ಧತೆ

ಹಳೆಯ ಸೊಲ್ಯೂಷನ್ನಿನ ಪದರದ ಅಡಿಯಲ್ಲಿ ತುಕ್ಕು ಅಡಗಿರುತ್ತದೆ. ಅದನ್ನು ಹೆರೆದು, ಉಜ್ಜಿ, ಪ್ರೈಮರ್ ಹಚ್ಚಿ, ಬಣ್ಣ ಕೊಟ್ಟ ಮೇಲೆ ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು. ಮುಟ್ಟಿದರೆ ಒಣಗಿದಂತೆ ತೋರುವ ಬಣ್ಣದ ಒಳಪದರ ಹಸಿಯಾಗಿರಬಹುದು. ಸೊಲ್ಯೂಷನ್ನಿನ ದ್ರಾವಕ ಅದನ್ನು ಎಬ್ಬಿಸಿ ಸುಕ್ಕುಗಟ್ಟಿಸುತ್ತದೆ. ಎಷ್ಟು ದಿನ ಎಂಬುದಕ್ಕೆ ಬಣ್ಣ ತಯಾರಿಸಿದವರ ಸೂಚನೆಯೇ ಆಧಾರ. ಹೊಸ ರಬ್ಬರಿನ ಬೆನ್ನಿಗೂ ಅಚ್ಚಿನಿಂದ ಬಂದ ಪುಡಿ, ಜಿಡ್ಡು ಇರುತ್ತದೆ. ಅಂಟುವ ಮುಖವನ್ನು ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ ಒರೆಸಿಕೊಳ್ಳಬೇಕು.

ಅಂಟಿಸುವ ಕ್ರಮ

ಸುರುಳಿ ಸುತ್ತಿ ಬಂದ ರಬ್ಬರನ್ನು ಒಂದು ದಿನ ನೀಳವಾಗಿ ಹಾಸಿಟ್ಟರೆ ಅದರ ಮುದುರು ಬಿಡುತ್ತದೆ. ಎಳೆದು ಅಂಟಿಸುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಎಳೆದಾಗ ಅಂದವಾಗಿ ಕೂತ ಪಟ್ಟಿ ಕೆಲವು ವಾರಗಳಲ್ಲಿ ತನ್ನ ಉದ್ದಕ್ಕೆ ಮರಳುತ್ತದೆ; ಮೂಲೆಗಳಲ್ಲಿ ಕಿತ್ತು ಬರುತ್ತದೆ, ಜೋಡಣೆಯಲ್ಲಿ ಸಂದು ಬಿಡುತ್ತದೆ. ಆದ್ದರಿಂದ ಪಟ್ಟಿಯನ್ನು ಒಳಮುಖವಾಗಿ ತುಸು ತಳ್ಳುತ್ತ ಕೂರಿಸಬೇಕು. ಕೊನೆಯಲ್ಲಿ 10 ಮಿಲಿಮೀಟರಿನಷ್ಟು ಉದ್ದ ಬಿಟ್ಟು ಕತ್ತರಿಸಿ, ಎರಡು ತುದಿಗಳನ್ನು ಒಂದಕ್ಕೊಂದು ಒತ್ತಿ ಕೂಡಿಸಬೇಕು. ಜೋಡಣೆ ಬಾಗಿಲಿನ ಕೆಳಭಾಗದಲ್ಲಿ ಬರಬೇಕು. ಮೇಲೆ ಬಂದರೆ ಮಾಡಿನಿಂದ ಇಳಿಯುವ ನೀರಿಗೆ ಅದೇ ಬಾಗಿಲಾಗುತ್ತದೆ.

ಸೊಲ್ಯೂಷನ್ನನ್ನು ತಗಡಿಗೂ ರಬ್ಬರಿಗೂ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಏಪ್ರಿಲ್ ಬಿಸಿಲಿನಲ್ಲಿ ಅದು ನೋಡನೋಡುತ್ತಲೇ ಆರುತ್ತದೆ, ಹಾಗಾಗಿ ಒಂದಡಿಯಷ್ಟೇ ಹಚ್ಚುತ್ತ ಹೋಗಬೇಕು. ಮಳೆಯ ದಿನ ಗಾಳಿಯ ತೇವ ಮೇಲೆ ಕೂತು ಅಂಟು ಬಿಳಿಚಿ ದುರ್ಬಲವಾಗುವುದರಿಂದ ಅಂಥ ದಿನ ಕೆಲಸ ಬಿಡುವುದೇ ಸರಿ. ಮೂಲೆಯಲ್ಲಿ ರಬ್ಬರ್ ಸುಕ್ಕುಗಟ್ಟಿದರೆ ಬೆನ್ನಿನ ಕಡೆ ಮಾತ್ರ ಸಣ್ಣ ಕಚ್ಚು ಹಾಕಬಹುದು. ಮುಂದಿನ ಉಬ್ಬಿಗೆ ಬ್ಲೇಡ್ ತಾಕಬಾರದು. ಒಳಗೆ ಟೊಳ್ಳಿರುವ ಪಟ್ಟಿಯಲ್ಲಿ ಗಾಳಿ ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಸೊಲ್ಯೂಷನ್ ಅವನ್ನು ಮುಚ್ಚಿದರೆ ರಬ್ಬರ್ ಗಾಳಿ ತುಂಬಿದ ಟ್ಯೂಬಿನಂತೆ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ.

ಅಂಟಿಸಿದ ಮೇಲೆ ಬಾಗಿಲನ್ನು ಒಂದೆರಡು ದಿನ ಮುಚ್ಚಿಯೇ ಇಡಬೇಕು. ಮೊದಲ ವಾರಗಳಲ್ಲಿ ಬಾಗಿಲು ತುಸು ಬಿಗಿ ಅನ್ನಿಸುವುದು ಸಹಜ. ಆಗ ಬಡಿಯುವ ಬದಲು ಒಂದು ಗಾಜನ್ನು ಕೊಂಚ ಇಳಿಸಿ ಮುಚ್ಚಿದರೆ ಒಳಗಿನ ಗಾಳಿಗೆ ದಾರಿ ಸಿಕ್ಕಿ ಬಾಗಿಲು ಸಲೀಸಾಗಿ ಕೂರುತ್ತದೆ.

ಪರೀಕ್ಷೆ

ಮೊದಲ ಪರೀಕ್ಷೆ ಕಾಗದದ್ದು. ಕಾಗದದ ಪಟ್ಟಿಯನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆದರೆ ಸುತ್ತಲೂ ಒಂದೇ ಬಿಗಿ ಕೈಗೆ ಸಿಗಬೇಕು. ಸಡಿಲವಾಗಿ ಜಾರಿ ಬಂದ ಜಾಗವನ್ನು ಗುರುತು ಮಾಡಬೇಕು. ಎರಡನೆಯದು ಸೀಮೆಸುಣ್ಣದ್ದು. ರಬ್ಬರಿಗೆ ಬಳಿದು ಮುಚ್ಚಿ ತೆರೆದಾಗ ಚೌಕಟ್ಟಿನ ಮೇಲೆ ಕಡಿಯದ ಬಿಳಿ ಗೆರೆ ಮೂಡಬೇಕು. ಮೂರನೆಯದು ನೀರಿನದು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನ ನೀರನ್ನು ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಬಿಡಬೇಕು. ಮೇಲಿನಿಂದಲೇ ಸುರಿದರೆ ನೀರು ಎಲ್ಲಿ ಹೊಕ್ಕಿತೆಂದು ತಿಳಿಯುವುದಿಲ್ಲ.

ನೆಲ ನೆನೆದ ಮಾತ್ರಕ್ಕೆ ಬೀಡಿಂಗನ್ನು ದೂರಬೇಕಾಗಿಲ್ಲ. ಗಾಜು ಇಳಿಯುವ ಸಂದಿನಿಂದ ಬಾಗಿಲಿನ ಹೊಟ್ಟೆಗೆ ನೀರು ಇಳಿದೇ ಇಳಿಯುತ್ತದೆ. ಅದು ಕೆಳಗಿನ ತೂತುಗಳಿಂದ ಹೊರಹೋಗುವಂತೆ ಬಾಗಿಲನ್ನು ಮಾಡಿರುತ್ತಾರೆ. ಆ ತೂತುಗಳು ಮಣ್ಣಿನಿಂದಲೋ ಹೊಸ ಬಣ್ಣದಿಂದಲೋ ಮುಚ್ಚಿಹೋಗಿದ್ದರೆ ನೀರು ಕಾರಿನೊಳಕ್ಕೆ ತಿರುಗುತ್ತದೆ, ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಮುಂಗಾಜಿನ ರಬ್ಬರ್ ಸೋರಿದರೂ ನೀರು ಕಂಬದ ಒಳಗಿನಿಂದ ಇಳಿದು ಕಾಲಬುಡದಲ್ಲೇ ಕಾಣಿಸಿಕೊಳ್ಳುತ್ತದೆ.

ಕೊನೆಯ ಪರೀಕ್ಷೆಗೆ ಊರಿನ ದೂಳೇ ಸಾಧನ. ಘಾಟಿ ಸುಬ್ರಹ್ಮಣ್ಯದ ಕಡೆಯ ರಾಗಿ ಹೊಲಗಳ ನಡುವಿನ ಮಣ್ಣುದಾರಿಯಲ್ಲಿ ಬೇಸಿಗೆಯಲ್ಲಿ ನಾಲ್ಕೈದು ಕಿಲೋಮೀಟರ್ ಓಡಿಸಿ ಬಾಗಿಲು ತೆರೆದರೆ, ಸೋರುವ ಜಾಗದಲ್ಲಿ ಕೆಂಪು ಗೆರೆ ರಬ್ಬರ್ ದಾಟಿ ಒಳಕ್ಕೆ ಚಾಚಿರುತ್ತದೆ. ಓಡುವ ಕಾರಿನ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ದೂಳೂ ಹೊಗೆಯೂ ಅಲ್ಲಿಗೆ ಸೆಳೆಯಲ್ಪಡುವುದರಿಂದ ಡಿಕ್ಕಿಯ ಬೀಡಿಂಗನ್ನೂ ಇದೇ ಎಚ್ಚರದಿಂದ ನೋಡಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದು ಜೀವಕ್ಕೆ ಎರವಾಗಬಲ್ಲದು.

ಪಾಲನೆ

ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಗ್ರೀಸನ್ನೋ ಗ್ಲಿಸರಿನ್ನನ್ನೋ ತೆಳುವಾಗಿ ಸವರಿದರೆ ಅದು ಬಣ್ಣಕ್ಕೆ ಅಂಟಿಕೊಳ್ಳುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲ್, ವ್ಯಾಸಲೀನ್ ಬಳಸಬಾರದು. ಬೆರಳಿನಿಂದ ಒತ್ತಿಬಿಟ್ಟಾಗ ಉಬ್ಬು ಮೇಲೇಳದಿದ್ದರೆ, ಬಾಗಿಸಿದಾಗ ಮೈಮೇಲೆ ಸೀಳು ಕಂಡರೆ ಬದಲಿಸುವ ಕಾಲ ಬಂದಂತೆ. ಆ ದಿನಕ್ಕಾಗಿ ಈಗ ಹಾಕಿದ ಪಟ್ಟಿಯ ಒಂದಡಿ ತುಂಡನ್ನು ಬಿಸಿಲು ತಾಗದ ಕಡೆ ಎತ್ತಿಡಬೇಕು. ಪ್ರತಿ ಬಾಗಿಲಿನ ಒಳಸಂದಿನ ಅಳತೆ, ಜೋಡಣೆಯ ಜಾಗ, ತುಟಿಯ ದಿಕ್ಕು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗಿಟ್ಟರೆ, ಮುಂದೆ ಈ ಬಾಗಿಲಿಗೆ ಕೈಹಾಕುವವರು ಅಳತೆಯಿಂದಲೇ ಕೆಲಸ ಶುರುಮಾಡಬಹುದು.